ಒಂದೇ ಬಲ್ಬು

ಜೂನ್ ೩, ಮಂಗಳವಾರ

ಬಚ್ಚಲುಮನೆಯ ಲೈಟು ಇವತ್ತೂ ಉರಿಯುತ್ತಿತ್ತು. ಹಜಾರದ್ದೂ. ಯಾರೂ ಇಲ್ಲದ ಮಗಳ ಕೋಣೆಯದ್ದೂ. ಒಂದೊಂದೇ ಆರಿಸುತ್ತಾ ಬಂದೆ. ಇವರು ಸಿಳ್ಳೆ ಹಾಕುತ್ತಾ ಹಿಂದೆಯೇ ಬಂದು ಒಂದೊಂದೇ ಹಾಕಿದರು. ಜಗಳವಲ್ಲ. ಆಟ ಅಂದುಕೊಂಡಿದ್ದಾರೆ.

ಅಂಗಡಿಯಲ್ಲಿ ಇನ್ನು ನನಗೆ ವಾರಕ್ಕೆ ಮೂರೇ ದಿನ ಕೆಲಸ. ಕನ್ನಡಕದ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದೆಲ್ಲ ಇನ್ನು ಬೇರೆ ಊರಿನಲ್ಲಿ ಮೆಷಿನ್ನಿನಿಂದಲೇ ಆಗಿ ಬರುತ್ತದಂತೆ. ಹೇಳುವಾಗ ಮಾಲೀಕರು ನನ್ನ ಮುಖ ನೋಡಲಿಲ್ಲ. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

ಮಗಳ ನರ್ಸಿಂಗ್ ಕೋರ್ಸು ಮುಗಿಯಲು ಇನ್ನೊಂದು ವರ್ಷ ಇದೆ. ಅಲ್ಲಿಯವರೆಗೆ ಕೈ ಬಿಗಿ ಹಿಡಿಯಲೇಬೇಕು. ಇವರಿಗೆ ಹೇಳಿದೆ. ಹಿಡಿಯೋಣ ಬಿಡು ಅಂದರು. ಸಂಜೆ ಕೆಲಸದಿಂದ ಬರುವಾಗ ಎರಡೂ ಕೈ ತುಂಬ ಹಣ್ಣು. ಒಂದು ಚೀಲ ನಮಗೆ, ಇನ್ನೊಂದು ಪಕ್ಕದ ಮನೆಗೆ…

ಜೂನ್ ೯, ಸೋಮವಾರ

ಪ್ರೀತಿಯಿಂದ ಹೇಳಿ ನೋಡಿದೆ. ಮುನಿಸಿಕೊಂಡು ನೋಡಿದೆ. ಊಹೂಂ. ಕಿವಿಗೇ ಹಾಕಿಕೊಳ್ಳುವುದಿಲ್ಲ. ದಿನವಿಡೀ ಲಿಫ್ಟ್ ಇಳಿಯುವ ಹೊಂಡದ ಕತ್ತಲಲ್ಲಿ ಟಾರ್ಚ್ ಹಿಡಿದು ರಿಪೇರಿ ಮಾಡುವವನು, ಮನೆಗೆ ಬಂದ ಮೇಲಾದರೂ ನಾಲ್ಕು ದೀಪ ಕಾಣಬಾರದಾ ಅನ್ನುತ್ತಾರೆ. ಅದೂ ನಿಜವೇ.

ಸಂಜೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತರೆ ಒಂದು ಲೈಟು ಸಾಕಲ್ಲ ಅಂದೆ. ನಗುತ್ತಿದ್ದವರು ನಿಲ್ಲಿಸಿದರು. ಎದ್ದು ಹೊರಗೆ ಹೋಗಿ ನಿಂತರು. ಯಾಕೋ ತಿಳಿಯಲಿಲ್ಲ.

ಜೂನ್ ೧೪, ಶನಿವಾರ

ಬಾಯಿ ಜಾರಿತು.

ಗೀಸರ್ ಹಾಕಿ ಮರೆತು ಪೇಟೆಗೆ ಹೋಗಿದ್ದರು. ಬರುವಾಗ ಹೆಗಲ ಮೇಲೆ ಹೊಸ ಟೇಬಲ್ ಫ್ಯಾನು. ಇರುವ ಫ್ಯಾನು ಚೆನ್ನಾಗಿಯೇ ತಿರುಗುತ್ತಿದೆ. ನನಗೆ ಪಿತ್ತ ನೆತ್ತಿಗೇರಿತು.

“ಮನೆ ಅಂದ್ರೆ ಹೇಗೆ ನಡೆಸ್ಬೇಕು ಅಂತ ನಿಮ್ಮಪ್ಪ ನಿಮ್ಗೆ ಕಲಿಸ್ಲೇ ಇಲ್ವಾ?” ಅಂದೆ.

ಸಿಟ್ಟಿಗೆ ಅಂದ ಮಾತು. ಮಾವನವರನ್ನು ನಾನು ಕಂಡವಳೇ ಅಲ್ಲ. ನಮ್ಮ ಮದುವೆಗೆ ಎಷ್ಟೋ ಮೊದಲೇ ತೀರಿಕೊಂಡವರು. ಮನೆಯಲ್ಲಿ ಅವರದೊಂದು ಫೋಟೋ ಇಲ್ಲ. ಇವರ ಬಾಯಲ್ಲಿ ಅವರ ಸುದ್ದಿಯೂ ಇಲ್ಲ.

ಫ್ಯಾನನ್ನು ಮೆಲ್ಲಗೆ ನೆಲಕ್ಕಿಟ್ಟರು. “ಕಲಿಸಿದಾರೆ” ಅಂದರು. ಅಷ್ಟೇ. ಮತ್ತೆ ಅದನ್ನೇ ಹೊತ್ತುಕೊಂಡು ಹೋಗಿ ಅಂಗಡಿಗೆ ವಾಪಸ್ ಕೊಟ್ಟು ಬಂದರು.

ಜುಲೈ ೨, ಬುಧವಾರ

ಪುರುಸೊತ್ತಿಲ್ಲದೆ ಬರೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಖುಷಿಯಲ್ಲಿ ಮರೆತಿದ್ದೆ. ಇವರು ದಾರಿಗೆ ಬಂದಿದ್ದಾರೆ.

ದಾರಿಗೆ ಬಂದದ್ದೇನು, ನನ್ನನ್ನೂ ದಾಟಿ ಮುಂದೆ ಹೋಗಿದ್ದಾರೆ. ಸವೆದ ಸೋಪಿನ ಚೂರುಗಳನ್ನೆಲ್ಲ ಕಾಯಿಸಿ ಒಂದೇ ಬಿಲ್ಲೆ ಮಾಡುತ್ತಾರೆ. ಅಕ್ಕಿ ಮುಕ್ಕಾಲು ಬೆಂದಾಗ ಸ್ಟೌವ್ ಆರಿಸಿ, ಪಾತ್ರೆಗೆ ಹಳೇ ಟವೆಲ್ ಸುತ್ತಿಡುತ್ತಾರೆ. ಅನ್ನ ಅದರ ಕಾವಿನಲ್ಲೇ ಹದವಾಗಿ ಅರಳಿರುತ್ತದೆ. ಅಂಗಿಯ ಕಾಲರ್ ಬಿಚ್ಚಿ, ತಿರುವಿ, ಮತ್ತೆ ಹೊಲಿದರು. ಹೊಲಿಗೆ ನನ್ನದಕ್ಕಿಂತ ನೀಟು. ಇದೆಲ್ಲ ಎಲ್ಲಿ ಕಲಿತಿರಿ ಅಂದರೆ ಹೂಂಗುಟ್ಟುತ್ತಾರೆ.

ಇವತ್ತು ಅಡುಗೆಮನೆಯ ಮೂಲೆಯಲ್ಲಿ ಕೂತು ಬ್ಲೇಡಿನಿಂದ ಒಂದೊಂದು ಬೆಂಕಿಕಡ್ಡಿಯನ್ನೂ ಉದ್ದಕ್ಕೆ ಸೀಳುತ್ತಿದ್ದರು. ಒಂದು ಕಡ್ಡಿ ಎರಡು ಕಡ್ಡಿ. ಮದ್ದು ಸಹ ಸರಿಯಾಗಿ ಅರ್ಧಕ್ಕೆ. ಒಂದೂ ಹಾಳಾಗಲಿಲ್ಲ. ನಗು ಬಂತು. ನಗುತ್ತಾ ಮುಖ ನೋಡಿದೆ. ಇವರು ಕಡ್ಡಿಯ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಗೋಡೆಯ ಮೇಲೆ. ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ಸೀಳುತ್ತಿದ್ದವು.

ನಗು ಅರ್ಧಕ್ಕೇ ನಿಂತಿತು.

ಜುಲೈ ೬, ಭಾನುವಾರ

ಬೆಳಗ್ಗೆ ಏಣಿ ಹಾಕಿ ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿದರು. ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬಿ ಅಟ್ಟದ ಮೇಲಿಟ್ಟರು. ಒಂದನ್ನು ಬಿಟ್ಟರು. ಅದನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವುದು. ಅಡುಗೆ ಆಗುವಾಗ ಅಡುಗೆಮನೆಗೆ. ಊಟಕ್ಕೆ ಹಜಾರಕ್ಕೆ. ಆಮೇಲೆ ಮಲಗುವ ಕೋಣೆಗೆ.

ಇಷ್ಟೆಲ್ಲ ಬೇಡ ಅಂದೆ. ಸ್ವಿಚ್ ಆರಿಸಿದರೆ ಸಾಲದಾ ಅಂದೆ.

“ಸ್ವಿಚ್ ಇದ್ರೆ ಯಾರಾದ್ರೂ ಹಾಕ್ತಾರೆ” ಅಂದರು.

ಮನೆಯಲ್ಲಿ ಇರುವುದೇ ನಾವಿಬ್ಬರು. ಯಾರಾದರೂ ಅಂದರೆ ಯಾರು?

ಜುಲೈ ೧೧, ಶುಕ್ರವಾರ

ಸಿಳ್ಳೆ ನಿಂತು ಎಷ್ಟು ದಿನವಾಯಿತೋ. ಈಗ ಗಮನಕ್ಕೆ ಬಂತು. ನಡಿಗೆಯೂ ಇವರದಲ್ಲ. ಮೊದಲು ಧಪಧಪ ಅಂತ ಬರುತ್ತಿದ್ದರು. ಈಗ ಹಿಮ್ಮಡಿ ಎತ್ತಿ, ಚಪ್ಪಲಿ ಸವೆಯದ ಹಾಗೆ. ಕತ್ತಲಲ್ಲಿ ಪಕ್ಕದಲ್ಲೇ ನಿಂತಿದ್ದರೂ ಗೊತ್ತಾಗುವುದಿಲ್ಲ. ಕೋಣೆಗೆ ಬರುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಯಾರೋ ಹಿರಿಯರು ಬಂದ ಹಾಗೆ. ಕೇಳಿದೊಡನೆ ನಾನೂ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತೇನೆ. ಆಮೇಲೆ ನಾಚಿಕೆಯಾಗುತ್ತದೆ.

ಹಾಸ್ಟೆಲಿನಿಂದ ಮಗಳ ಫೋನು. ಅಪ್ಪನ ಧ್ವನಿ ಯಾಕೆ ಹಾಗಿದೆ, ಯಾರೋ ಮುದುಕರು ಮಾತಾಡಿದ ಹಾಗಿತ್ತು ಅಂದಳು. ನೆಗಡಿ ಅಂದೆ.

ಇವರಿಗೆ ಇಷ್ಟ ಅಂತ ಒಂದು ಪೀಸ್ ಕೇಕ್ ತಂದಿದ್ದೆ. ಒಂದು ತುಂಡು ನನಗೆ ಕೊಟ್ಟು, ಉಳಿದದ್ದರ ಮೇಲೆ ಬಟ್ಟಲು ಮುಚ್ಚಿ, ಅದರ ಮೇಲೊಂದು ಕಲ್ಲು ಹೇರಿದರು. ಇರುವೆಗೆ ಅಂದರು. ಇರುವೆಗೆ ಯಾರಾದರೂ ಕಲ್ಲು ಹೇರುತ್ತಾರಾ…

ಜುಲೈ ೧೯, ಶನಿವಾರ

ಅತ್ತಿಗೆ ಬಂದರು. ಇವರ ಅಕ್ಕ. ಟೈಲರಿಂಗ್ ಅಂಗಡಿ ಇಟ್ಟುಕೊಂಡು ಒಬ್ಬರೇ ಇರುವವರು. ನಾಲ್ಕು ದಿನ ಇದ್ದು ಹೋಗಲು ಅಂತ.

ಬಸ್ಸು ತಡವಾಗಿ, ಬಾಗಿಲಿಗೆ ಬರುವಷ್ಟರಲ್ಲಿ ಮುಸ್ಸಂಜೆ. ಇವರು ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ ಬರುತ್ತಿದ್ದರು. ಗಂಟಲು ಸರಿಮಾಡಿಕೊಂಡರು. ಹೊಸ್ತಿಲಲ್ಲಿದ್ದ ಅತ್ತಿಗೆಯ ಕೈಯಿಂದ ಬ್ಯಾಗು ಬಿತ್ತು.

“ಅಪ್ಪಾ” ಅಂದರು. ಸಣ್ಣ ಹುಡುಗಿಯ ಧ್ವನಿ.

ಇವರು ಬಲ್ಬು ಹಾಕಿದರು. ಬೆಳಕಿನಲ್ಲಿ ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿಕೊಂಡರು. ಪ್ರಯಾಣ ಹೇಗಾಯಿತು ಅಂತ ಇವರು ಕೇಳಿದರು. ಅತ್ತಿಗೆ ಊಟವನ್ನೂ ಮಾಡಲಿಲ್ಲ. ಬೆಳಗ್ಗೆಯೇ ಹೊರಡುತ್ತಾರಂತೆ.

ಜುಲೈ ೨೦, ಭಾನುವಾರ. ಮಧ್ಯಾಹ್ನ

ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ಕಲ್ಲುಬೆಂಚಿನ ಮೇಲೆ ಕೂತು ಅತ್ತಿಗೆ ಹೇಳಿದರು. ನೆನಪಿರುವಷ್ಟು ಬರೆದಿಡುತ್ತೇನೆ.

ಅತ್ತೆಯವರು ಬೇಗ ಹೋದರು. ಗೋಡೌನಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಮಾವ ಮೂರು ಮಕ್ಕಳನ್ನು ಒಬ್ಬರೇ ಸಾಕಿದರು. ಮೂರು. ಇವರಿಗೊಬ್ಬಳು ತಂಗಿ ಇದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಪುಟ್ಟಿ ಅನ್ನುತ್ತಿದ್ದರಂತೆ.

ಮಾವ ಕೆಟ್ಟವರಲ್ಲ, ಒಂದು ದಿನ ಕೈ ಮಾಡಿದವರಲ್ಲ. ಆದರೆ ನಾಳೆ ಅಂದರೆ ಭಯ. ನಾಳೆಗೆ, ನಾಳೆಗೆ ಅಂತ ಎಲ್ಲವನ್ನೂ ಮುಚ್ಚಿಡುತ್ತಿದ್ದರು. ಸೀಳಿದ ಕಡ್ಡಿ. ಕಲ್ಲು ಹೇರಿದ ಬಟ್ಟಲು. ಮನೆಗೆಲ್ಲ ಒಂದೇ ಬಲ್ಬು.

ಪುಟ್ಟಿಗೆ ಜ್ವರ ಬಂತು. ಡಾಕ್ಟರ ಹತ್ತಿರ ಹೋಗೋಣ ಅಂತ ಅತ್ತಿಗೆ ಹೇಳಿದರೆ, ಬೆಳಗಾಗಲಿ ನೋಡೋಣ ಅಂದರಂತೆ ಮಾವ. ಗಂಜಿ ಕಾಯಿಸಲು ಬಲ್ಬು ಅಡುಗೆಮನೆಯಲ್ಲಿತ್ತು. ಪುಟ್ಟಿ ಹೆದರದಿರಲಿ ಅಂತ ಪಕ್ಕದಲ್ಲಿ ಇವರನ್ನು ಕೂರಿಸಿದರು. ಆಗ ಇವರಿಗೆ ಒಂಬತ್ತು ವರ್ಷ.

“ಕತ್ತಲಲ್ಲಿ ಕೂತು ಕಥೆ ಹೇಳ್ತಿದ್ದ ಕಣಮ್ಮ” ಅಂದರು ಅತ್ತಿಗೆ. “ಅಪ್ಪ ಬಲ್ಬ್ ತಂದು ಹಾಕಿದಾಗ್ಲೂ ಹೇಳ್ತಾನೇ ಇದ್ದ. ಅವಳು ಯಾವಾಗ್ಲೋ ಹೋಗಿದ್ಲು.”

ಮಾವ ಆಮೇಲೆ ಆ ಬಲ್ಬನ್ನು ಅಲ್ಲಿಂದ ತೆಗೆಯಲೇ ಇಲ್ಲವಂತೆ. ಅಡುಗೆಮನೆ ಕತ್ತಲಲ್ಲೇ ಇತ್ತು. ಅವರು ಸಾಯುವವರೆಗೂ.

ಬಸ್ಸು ಬಂತು. ನೀನು ಏನು ಅಂದೆಯೋ ಅವನಿಗೆ, ಅಂತ ಅತ್ತಿಗೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಜುಲೈ ೨೮, ಸೋಮವಾರ

ಅಟ್ಟದಿಂದ ಎರಡು ಬಲ್ಬು ಇಳಿಸಿ ಹಾಕಿದೆ. ಅಂಗಡಿಯಿಂದ ಬರುವಷ್ಟರಲ್ಲಿ ಇರಲಿಲ್ಲ. ಮಾರನೇ ದಿನ ಮತ್ತೆ ಹಾಕಿದೆ. ಮತ್ತೆ ಇರಲಿಲ್ಲ. ಪುಟ್ಟಿಯ ವಿಷಯ ಎತ್ತಲು ಧೈರ್ಯ ಸಾಲದೆ, ರೀ, ಸಾಕು ಮಾಡೋಣ, ಇಷ್ಟು ಬೇಡ ಅಂದೆ.

“ನೀನೇ ತಾನೆ ಬೇಕು ಅಂದಿದ್ದು.”

ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಹೇಳಿದ ಕೆಲಸ ಮಾಡಿ ಮುಗಿಸಿದ ಹುಡುಗ ಹೇಳಿದ ಹಾಗಿತ್ತು.

ರಾತ್ರಿಯೆಲ್ಲ ಈ ಮನೆಯಲ್ಲಿ ಮೂರನೆಯವರು ಇದ್ದಾರೆ ಅನ್ನಿಸುತ್ತದೆ. ಕರೆದವಳು ನಾನು.

ಆಗಸ್ಟ್ ೧೧, ಸೋಮವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಬರೆಯುತ್ತಿದ್ದೇನೆ.

ಅಂಗಡಿಗೆ ಇವರ ಜೊತೆ ಕೆಲಸ ಮಾಡುವವರ ಫೋನು ಬಂತು. ಲಿಫ್ಟಿನ ತಲೆಯ ಮೇಲೆ ನಿಂತು ಹಗ್ಗ ನೋಡುತ್ತಿದ್ದಾಗ ತಲೆ ಸುತ್ತಿ ಬಿದ್ದರಂತೆ. ಸೊಂಟದ ಬೆಲ್ಟು ಹಿಡಿದುಕೊಂಡಿತು. ಇಲ್ಲದಿದ್ದರೆ ಐದು ಮಹಡಿ… ಬರೆಯಲಾರೆ.

ಇವರಿಗೆ ಮೊದಲಿಂದಲೂ ಇದ್ದ ಬಿ.ಪಿ. ಈಗ ಮಿತಿಮೀರಿ ಏರಿದೆ. ಮಾತ್ರೆ ತಗೋತಿದ್ದೀರಾ ಅಂತ ಡಾಕ್ಟರು ಕೇಳಿದರು. ತಗೋತಿದ್ದೀನಿ ಅಂದರು ಇವರು. ಅಂಗಿಯ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ತೋರಿಸಿದರು. ಅದರಲ್ಲಿ ಮಾತ್ರೆಯ ಕಾಲುಭಾಗಗಳು. ಬ್ಲೇಡಿನಿಂದ ಕತ್ತರಿಸಿದವು. ಎಲ್ಲ ಒಂದೇ ಅಳತೆ, ಒಂದು ಚೂರು ಪುಡಿ ಇಲ್ಲ.

ಡಾಕ್ಟರು ಬೈದರು. ಇವರು ತಲೆತಗ್ಗಿಸಿ ಕೇಳಿಸಿಕೊಂಡರು. ಅವರು ಹೋದ ಮೇಲೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

“ಮಗಳದ್ರಲ್ಲಿ ಏನೂ ಕಡಿಮೆ ಮಾಡಿಲ್ಲ. ನಿಂದ್ರಲ್ಲೂ ಮಾಡಿಲ್ಲ. ನಂದ್ರಲ್ಲಿ ಮಾತ್ರ.”



ಆಗಸ್ಟ್ ೧೭, ಭಾನುವಾರ

ಮೊನ್ನೆ ಮನೆಗೆ ಕರೆತಂದೆ. ಇವತ್ತು ನಾನೇ ಏಣಿ ಹತ್ತಿದೆ. ಒಂದೊಂದೇ ಬಲ್ಬು ಬಿಡಿಸಿ, ಒರೆಸಿ, ಹಾಕಿದೆ. ಇವರು ಕೆಳಗೆ ಏಣಿ ಹಿಡಿದು ನಿಂತಿದ್ದರು. ಬೇಡ ಅನ್ನಲಿಲ್ಲ. ಪ್ರತಿ ಬಲ್ಬು ಹತ್ತಿದಾಗಲೂ ಕಣ್ಣು ಕಿರಿದು ಮಾಡುತ್ತಿದ್ದರು.

ಕೆಳಗಿಳಿದು ಎದುರಿಗೆ ಕೂತೆ. ಅತ್ತಿಗೆ ಎಲ್ಲ ಹೇಳಿದರು ಅಂದೆ. ಆವತ್ತು ನಾನು ಅಂದ ಮಾತು ತಿಳಿಯದೆ ಅಂದದ್ದು ಅಂದೆ. ಮುಖ ಪಕ್ಕಕ್ಕೆ ತಿರುಗಿಸಿದರು. ನನಗಲ್ಲ, ನೆಲಕ್ಕೆ ಹೇಳಿದ ಹಾಗೆ:

“ಎಷ್ಟು ಉಳಿಸಿದ್ರೆ ಸಾಕು ಅಂತ ಹೇಗೆ ಗೊತ್ತಾಗುತ್ತೆ? ಅಪ್ಪಂಗೆ ಗೊತ್ತಾಗ್ಲಿಲ್ಲ. ನಂಗೂ ಗೊತ್ತಾಗಲ್ಲ. ಅದಕ್ಕೇ ಇಷ್ಟು ವರ್ಷ ಶುರುನೇ ಮಾಡಿರ್ಲಿಲ್ಲ.”

ಎಲ್ಲ ದೀಪ ಉರಿಸುವ ಗಂಡ, ಕೈ ತುಂಬ ಹಣ್ಣು ತರುವ ಗಂಡ, ಉಡಾಫೆ ಅಂದುಕೊಂಡಿದ್ದೆ. ಹೆದರಿದವರಾಗಿದ್ದರು.

“ನನ್ನ ಕೇಳಿ” ಅಂದೆ. “ಉಳಿಸೋಣ ರೀ, ಉಳಿಸ್ಲೇಬೇಕು. ಆದ್ರೆ ಪ್ರತಿ ಸಲ ನನ್ನ ಕೇಳಿ. ಸಾಕು ಅಂತ ನಾನು ಹೇಳ್ತೀನಿ. ಅಲ್ಲಿಗೆ ನಿಲ್ಲಿಸ್ಬೇಕು.”

ತಲೆಯಾಡಿಸಿದರು. ಸಂಜೆ ಪೂರ್ತಿ ಮಾತ್ರೆ ಅಂಗೈಯಲ್ಲಿಟ್ಟುಕೊಂಡು ಬಂದು ನಿಂತರು. “ಇದು?” ಅಂದರು. ನುಂಗಿ ಅಂದೆ. ನುಂಗಿದರು. ನುಂಗುವಾಗ ತಪ್ಪು ಮಾಡುತ್ತಿರುವವರ ಹಾಗೆ ಹಿಂದೆ ತಿರುಗಿ ನೋಡಿದರು.

ಆಗಸ್ಟ್ ೨೪, ಭಾನುವಾರ. ಸಂಜೆ ಏಳು

ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಅನ್ನ ಇಷ್ಟು ಸಾಕಾ. ಬಚ್ಚಲಿನ ಲೈಟು ಆರಿಸಲಾ. ಆರಿಸಿ ಅನ್ನುತ್ತೇನೆ. ಹಜಾರದ್ದು? ಬೇಡ, ಇರಲಿ. ತಲೆ ಚಿಟ್ಟು ಹಿಡಿಯುತ್ತದೆ. ಆದರೂ ಒಂದು ಸಲವೂ ಉತ್ತರ ಕೊಡದೆ ಬಿಟ್ಟಿಲ್ಲ. ಬಿಟ್ಟರೆ ಇನ್ಯಾರೋ ಉತ್ತರ ಕೊಟ್ಟಾರು ಅನ್ನುವ ಭಯ. ನಡಿಗೆ ಇನ್ನೂ ಮೊದಲಿನದಾಗಿಲ್ಲ. ಈ ತಿಂಗಳ ಖರ್ಚು ಮಾತ್ರ ಬಿಗಿಯಾಗಿಯೇ ಇದೆ.

ಈಗ ಮಗಳ ಕೋಣೆಯಲ್ಲಿ ಮಲಗಿದ್ದಾರೆ. ಲೈಟು ಉರಿಯುತ್ತಿದೆ, ಇವರೇ ಹಾಕಿಕೊಂಡದ್ದು. ನಾನು ಹೊಸ್ತಿಲ ಹತ್ತಿರ ಕೂತು ಬರೆಯುತ್ತಿದ್ದೇನೆ. ಆಗಲೇ, ನಾನು ಏನೂ ಕೇಳದೆ, ಪುಟ್ಟಿಗೆ ಎಣಿಸಲು ಬರುತ್ತಿರಲಿಲ್ಲ ಅಂದರು. ಏನು ತೋರಿಸಿ ಎಷ್ಟು ಅಂದರೂ ಏಳು ಅನ್ನುತ್ತಿದ್ದಳಂತೆ. ಕಾಗೆ ಏಳು, ಬಟನ್ನು ಏಳು, ಅಪ್ಪ ಏಳು. ಹೇಳುತ್ತಾ ಇವರಿಗೆ ನಗು ಬಂತು. ನಗು ಹಾಗೆಯೇ ಇನ್ನೇನೋ ಆಯಿತು. ನಾನು ಆ ಕಡೆ ನೋಡಲಿಲ್ಲ.

ಇಷ್ಟು ದಿನ ಅವಳು ಸತ್ತದ್ದಷ್ಟೇ ನನಗೆ ಗೊತ್ತಿದ್ದದ್ದು.

ಕರೆಯುತ್ತಿದ್ದಾರೆ. ಇನ್ನೂ ಒಂದು ನೆನಪಾಯಿತಂತೆ, ಬಾ ಅಂತ. ಅವಳು ಮೆಟ್ಟಿಲು ಇಳಿಯುವಾಗ…