ಚಿಕ್ಕಮ್ಮನ ಕೋಳಿಗಳಿಗೆ ಬೆಳ್ಳುಳ್ಳಿ ನೀರು

ಮಾರ್ಚ್ 3

ಸಾರಿ. ಯಾರಿಗೆ ಅಂತ ಗೊತ್ತಿಲ್ಲ. ನಾಳೆ ಅನಾಟಮಿ ಟೆಸ್ಟ್, ಓದುವುದು ಬಿಟ್ಟು ಇದನ್ನು ಬರೆಯುತ್ತಾ ಕೂತಿದ್ದೇನೆ.

ಚಿಕ್ಕಮ್ಮನ ವಾಯ್ಸ್ ನೋಟ್ ಬಂತು. ಹಿಂದೆ ಕೋಳಿ ಶೆಡ್ಡಿನ ಗಲಾಟೆ. "ಏನೇ ಡಾಕ್ಟ್ರಮ್ಮ, ಕೇಳಿಸ್ತಾ? ಈ ಮುಂಡೇವು ಮಾತಾಡೋಕೆ ಬಿಡಲ್ಲ. ಕೆಲವಕ್ಕೆ ಭೇದಿ. ಡಾಕ್ಟ್ರು ಬ್ಯಾಕ್ಟೀರಿಯಾ ಅಂದ್ರು, ಆಂಟಿಬಯೋಟಿಕ್ ಕೊಟ್ಟು ಹೋದ್ರು. ಅದನ್ನ ಹಾಕಿದ್ರೆ ಒಂದಷ್ಟು ದಿನ ಮೊಟ್ಟೆ ಮಾರೋ ಹಾಗಿಲ್ಲ, ಎಲ್ಲ ಚೆಲ್ಬೇಕಂತೆ. ನಿಮ್ ಕಾಲೇಜಲ್ಲಿ ಏನಂತಾರೆ?"

ನಾನಿನ್ನೂ ವೆಟರ್ನರಿ ಫಸ್ಟ್ ಇಯರ್. ಆದರೂ ಕೇಳಿದಳಲ್ಲ... ಸೆಮಿನಾರ್ ಸ್ಲೈಡ್‌ನ ಫೋಟೋ ಕಳಿಸಿದೆ — ಆಂಟಿಬಯೋಟಿಕ್ ಬದಲು ಬೆಳ್ಳುಳ್ಳಿ, ಓರೆಗಾನೊ ಎಣ್ಣೆ, ಪ್ರೊಬಯಾಟಿಕ್. ಔಷಧ ಬೇಡ, ಬೆಳ್ಳುಳ್ಳಿ ಜಜ್ಜಿ ಕುಡಿಯುವ ನೀರಿಗೆ ಹಾಕು ಅಂದೆ.

ಮಾರ್ಚ್ 5

ಟೆಸ್ಟ್ ಹೋಯಿತು. ಚಿಕ್ಕಮ್ಮ: "ಸುಲಿದು ಸುಲಿದು ಉಗುರೆಲ್ಲ ಉರೀತಿದೆ. ವಾಸನೆಗೆ ನಿಮ್ ಚಿಕ್ಕಪ್ಪ ಹತ್ರ ಬರ್ತಾನೇ ಇಲ್ಲ, ಪುಣ್ಯ. ಡಾಕ್ಟ್ರು ಫೋನ್ ಮಾಡಿದ್ರು. ನಮ್ಮನೇಲೇ ಒಬ್ಳು ಇದಾಳೆ ಬಿಡಿ ಅಂದೆ."

ನಗಬೇಕಿತ್ತು. ಇನ್ನೊಂದು ಸಲ ಕೇಳಿದೆ. ಕೋಳಿಗಳ ಸದ್ದು ಕಡಿಮೆ. ನೆಟ್‌ವರ್ಕ್ ಇರಬಹುದು.

ಮಾರ್ಚ್ 10, ಮಧ್ಯಾಹ್ನ

ಪೌಲ್ಟ್ರಿ ಕ್ಲಾಸ್. ಕೈ ಎತ್ತಿ ಬೆಳ್ಳುಳ್ಳಿ, ಓರೆಗಾನೊ ಬಗ್ಗೆ ಕೇಳಿದೆ. ಸರ್ ಹೇಳಿದರು: "ಅವೆಲ್ಲ ಕಾಯಿಲೆ ಬರದ ಹಾಗೆ ನೋಡ್ಕೊಳ್ಳೋಕೆ, ಮರಿಯಿಂದಲೇ. ಬಂದ ಮೇಲೆ ಬೆಳ್ಳುಳ್ಳಿ ತಿನ್ನಿಸಿದ್ರೆ ಅಡುಗೆ ಅರ್ಧ ಮುಗೀತು, ಅಷ್ಟೇ."

ಕ್ಲಾಸ್ ನಕ್ಕಿತು. ನಾನೂ ನಕ್ಕೆ. ಮೆಸ್‌ಗೆ ಹೋದೆ, ಊಟ ಮಾಡಿದೆ, ಪ್ಲೇಟ್ ತೊಳೆದೆ. ಏನೂ ಅನ್ನಿಸಲಿಲ್ಲ.

ಚಿಕ್ಕಮ್ಮನಿಗೆ ಹೇಳಬೇಕು. ಹೇಗೆ... ಚಿಕ್ಕಂದಿನಿಂದ ನನ್ನ ಹಾಸ್ಟೆಲ್ ಫೀಸ್ ಕಟ್ಟಿದ್ದು ಆ ಮೊಟ್ಟೆಗಳೇ. ನಾಳೆ ಹೇಳುತ್ತೇನೆ.

ಮಾರ್ಚ್ 12, ಬೆಳಿಗ್ಗೆ

ನಿನ್ನೆ ಹೇಳಲಿಲ್ಲ. ಈಗ ಅವಳದೇ ವಾಯ್ಸ್ ನೋಟ್ ಬಂತು. "ನೀನು ತಲೆ ಕೆಡಿಸ್ಕೋಬೇಡ, ಓದ್ಕೋ. ಇನ್ನೂ ಒಂದಿಷ್ಟು ಉಳಿದಿವೆ. ಬೆಳ್ಳುಳ್ಳಿ ಜಾಸ್ತಿ ಮಾಡ್ಲಾ?"

ಶೆಡ್ಡಿನ ಒಳಗೇ ನಿಂತು ಮಾತಾಡಿದ್ದಾಳೆ. ನಲ್ಲಿ ತೊಟ್ಟಿಕ್ಕುವುದು ಕೇಳುತ್ತದೆ. ಅವಳು ಉಸಿರೆಳೆದುಕೊಳ್ಳುವುದೂ. ಇಷ್ಟು ಕ್ಲಿಯರ್ ಯಾವತ್ತೂ ಇರಲಿಲ್ಲ.

ಕಾಲ್ ಮಾಡಿದೆ. ಎತ್ತುತ್ತಿಲ್ಲ. ಮೆಸೇಜ್ ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಸಾರಿ ಅಂತ ಮಾತ್ರ ಟೈಪ್ ಮಾಡಿ ಬಿಡುತ್ತೇನೆ —

ಚಿಕ್ಕಮ್ಮ, ನಾನು ಹೇಳಿದ್ದು ತಪ್ಪು. ಬೆಳ್ಳುಳ್ಳಿ ನಿಲ್ಲಿಸು. ಡಾಕ್ಟ್ರನ್ನ ಈಗಲೇ ಕರೆಸು, ಅವರು ಹೇಳಿದ ಔಷಧ ಇವತ್ತೇ ಹಾಕು. ಉಳಿದಿರೋದು ಎಷ್ಟು ಅಂತ ಹೇಳ್ಬೇಡ. ಹಾಕಿದೆ ಅಂತ ಮಾತ್ರ ಹೇಳು. ನೋಡಿದ ತಕ್ಷಣ ರಿಪ್ಲೈ ಮಾಡು