ಹಾಳೆಯ ತುದಿಯಲ್ಲಿದ್ದ ಸೂರ್ಯ

ಕೆಳಗಿನ ಮನೆಯ ಯೋರಾಮ್ ಅಜ್ಜನವರಿಗೆ, ಮೇಲಿನ ಮನೆಯ ಗಿರಿಜೆಯ ನಮಸ್ಕಾರ.

ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ. ಬದುಕಿದ್ದಾಗ ನಿಮಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ, ನನ್ನ ಇಂಗ್ಲಿಷಿನ ಕಥೆ ನಿಮಗೆ ಗೊತ್ತೇ ಇದೆ. ಈಗ ನೀವಿರುವ ಕಡೆ ಭಾಷೆಯ ತೊಡಕಿರಲಾರದು ಎಂದು ನಂಬಿ, ನಮ್ಮೂರ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ದೇವರಿಲ್ಲ ಅನ್ನುತ್ತಿದ್ದಿರಿ. ಇರಲಿ. ದೇವರ ಮುಂದೆ ಕೂತೇ ಬರೆಯುತ್ತಿದ್ದೇನೆ, ತಲುಪಿಸುವುದು ಅವನ ಕೆಲಸ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ದೇವಸ್ಥಾನದ ಕಮಿಟಿಯವರ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ನಿಮ್ಮ ಮೇಲೂ.

ನೀವು ಮೊದಲ ಸಲ ನಮ್ಮ ಬಾಗಿಲು ತಟ್ಟಿದ್ದು ಜಗಳಕ್ಕೆ. ಬೆಳಿಗ್ಗೆ ಐದಕ್ಕೇ ನಿಮ್ಮ ತಲೆಯ ಮೇಲೆ ಏನೋ ಕುಟ್ಟುತ್ತೇನೆ ಅಂತ. ಕುಟ್ಟುತ್ತಿದ್ದದ್ದು ಹುಗ್ಗಿಗೆ ಮೆಣಸು. ನಮ್ಮನೆಯವರು ಹೂಸ್ಟನ್ ಪಕ್ಕದ ಸ್ಟಾಫರ್ಡ್‌ನ ದೇವಸ್ಥಾನದ ಅರ್ಚಕರು. ದೇವಸ್ಥಾನವೆಂದರೆ ಬಾಡಿಗೆಯ ಗೋದಾಮು, ಒಂದು ಪಕ್ಕ ಹಾಸಿಗೆ ಅಂಗಡಿ, ಇನ್ನೊಂದು ಪಕ್ಕ ಟೈರು ಅಂಗಡಿ. ಅಲ್ಲಿ ಒಲೆ ಹಚ್ಚುವ ಹಾಗಿಲ್ಲ, ನೈವೇದ್ಯವನ್ನು ನಾನು ಮನೆಯಲ್ಲೇ ಮಡಿಯಲ್ಲಿ ಮಾಡಿ ಕಾರಿನಲ್ಲಿ ಕಳಿಸಬೇಕು. ಒಳಗೆ ಬರಬೇಡಿ ಎಂದು ಕೈ ಅಡ್ಡ ಹಿಡಿದೆ. ನೀವು ಹೊಸಿಲಲ್ಲೇ ನಿಂತು ನಮ್ಮ ಅಡುಗೆಮನೆಯನ್ನು ಮೇಲಿಂದ ಕೆಳಗೆ ನೋಡಿದಿರಿ. ಬಂದ ಜಗಳ ಮರೆತೇ ಹೋಯಿತು.

“ಈ ಅಡುಗೆಮನೆ ಕಟ್ಟಿದವನು ಜನ್ಮದಲ್ಲಿ ಒಂದು ಮೊಟ್ಟೆ ಬೇಯಿಸಿದವನಲ್ಲ.”

“ಇಲ್ಲಿ ಮೊಟ್ಟೆ ಮಾತು ಬೇಡ ಅಜ್ಜ” ಎಂದೆ. ಆಮೇಲೆ ಜಗಳ ಎಲ್ಲಿಂದ ಆಗಬೇಕು?

ಅದೆಷ್ಟು ಸಂಜೆ ಮೆಟ್ಟಿಲ ಮೇಲೆ ಕೂತು, ಕಿತ್ತಳೆ ಸುಲಿಯುತ್ತಾ ನಿಮ್ಮ ಕಥೆ ಹೇಳಿದಿರಿ! ಇಸ್ರೇಲಿನ ಹೈಫಾದಲ್ಲಿ ಹುಟ್ಟಿದ್ದು, ಕಟ್ಟಡಗಳ ನಕ್ಷೆ ಬರೆಯುವ ಆರ್ಕಿಟೆಕ್ಟ್ ಆಗಿದ್ದು. ಇನ್ನೂ ಹುಡುಗನಾಗಿದ್ದಾಗಲೇ ಎಲ್ಲರೂ ಕೂಡಿ ಬೇಸಾಯ ಮಾಡುವ ಒಂದು ಊರಿಗೆ ಊಟದ ಮನೆ ಕಟ್ಟಿದ್ದು. ಗಾರೆಯಿಲ್ಲ, ಬಣ್ಣವಿಲ್ಲ, ಬರೀ ಕಾಂಕ್ರೀಟು. ಸುಳ್ಳು ಹೇಳದ ಗೋಡೆ ಅಂದಿರಿ. ಫೋಟೋದಲ್ಲಿ ನನಗದು ಕೆಲಸ ಅರ್ಧಕ್ಕೆ ನಿಂತ ಮನೆಯ ಹಾಗೆ ಕಂಡಿತು, ಹಾಗೇ ಹೇಳಿದೆ, ನೀವು ಎರಡು ದಿನ ಮಾತು ಬಿಟ್ಟಿರಿ. ಅದಾದ ಮೇಲೆ ಮರಳುಗಾಡಿನಲ್ಲಿ, ಹೊಸದಾಗಿ ಬಂದಿಳಿದ ಜನಕ್ಕೆ ಸಾಲು ಮನೆಗಳು. ಮೊದಲ ಬೇಸಿಗೆಗೇ ಅವರು ಬಾಲ್ಕನಿಗಳಿಗೆಲ್ಲ ಹಳೇ ಕಂಬಳಿ ಕಟ್ಟಿದರಂತೆ, ನನ್ನ ಕಟ್ಟಡ ಕೆಡಿಸಿದಿರಿ ಅಂತ ನೀವು ಮನೆಮನೆಗೆ ಹೋಗಿ ಕೂಗಾಡಿದಿರಂತೆ. ಒಬ್ಬ ಮುದುಕಿ ನಿಮ್ಮನ್ನು ಆ ಬಾಲ್ಕನಿಯಲ್ಲಿ ಮಟಮಟ ಮಧ್ಯಾಹ್ನ ಒಂದು ಗಂಟೆ ಕೂರಿಸಿದಳಂತೆ. ಅಷ್ಟೇ ಸಾಕಾಯಿತು.

ಅವತ್ತಿನಿಂದ ಯಾವ ನಕ್ಷೆ ಬರೆದರೂ ಹಾಳೆಯ ಮೇಲ್ತುದಿಯಲ್ಲಿ ಮೊದಲು ಒಂದು ಪುಟ್ಟ ಸೂರ್ಯ. ಪೂರ್ವ ಮೇಲೆ, ಉಳಿದದ್ದೆಲ್ಲ ಅದರ ಕೆಳಗೆ. ಲೋಕವೆಲ್ಲ ಉತ್ತರವನ್ನು ಮೇಲಿಟ್ಟು ಬರೆಯುತ್ತದೆ, ನೀವೊಬ್ಬರು ಹೀಗೆ. ಈ ದೇಶಕ್ಕೆ ಬಂದು ಆಸ್ಟಿನ್‌ನಲ್ಲಿ ಪಾಠ ಹೇಳುವಾಗ ಹುಡುಗರು ನಗುತ್ತಿದ್ದರೂ ಬಿಡಲಿಲ್ಲ. ಡಾಲಸ್‌ನಲ್ಲಿ ಆರು ವರ್ಷ ಜೀವ ತೇದು ಕಟ್ಟಿದ ಲೈಬ್ರರಿಯನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದಾಗ, ಬುಲ್‌ಡೋಜರ್ ಎದುರು ಕುರ್ಚಿ ಹಾಕಿಕೊಂಡು ಕೂತವರು ನೀವು. ಅಂಥ ಜಗಳಗಂಟ ಮನುಷ್ಯ, ನನ್ನ ಒಂದು ಮಾತಿಗೆ ಸುಮ್ಮನಾಗಿಬಿಟ್ಟಿರಲ್ಲ... ಅದಕ್ಕೆ ಬರುತ್ತೇನೆ.

ದೇವಸ್ಥಾನಕ್ಕೆ ಸ್ವಂತ ಜಾಗ ಸಿಕ್ಕಿದೆ ಎಂದಾಗ ನಕ್ಷೆ ನಾನು ಬರೆಯುತ್ತೇನೆ ಅಂದವರು ನೀವೇ. “ಈ ದೇಶದಲ್ಲಿ ನಾನು ಕಟ್ಟಿದ್ದು ಒಂದೂ ನಿಂತಿಲ್ಲ ಗಿರಿಜಾ. ಇದೊಂದು ನಿಲ್ಲಲಿ” ಅಂದಿರಿ. ಬರೀ ಹುಲ್ಲಿದ್ದ ಆ ಬಯಲಲ್ಲಿ ನನ್ನ ಕೈಗೆ ತುಂಬಿದ ಕೊಳಗ ಕೊಟ್ಟು ನಡೆಸಿದಿರಿ. ಎಷ್ಟು ಹೆಜ್ಜೆಗೆ ಕೈ ಸೋಲುತ್ತದೆ? ಇಪ್ಪತ್ತೆರಡು. ಹಾಗಾದರೆ ಒಲೆಯಿಂದ ದೇವರಿಗೆ ಇಪ್ಪತ್ತೇ ಹೆಜ್ಜೆ. ಬೆಂಕಿಗೆ ನಿಮ್ಮಲ್ಲಿ ಯಾವ ಮೂಲೆ? ಆಗ್ನೇಯ, ಪೂರ್ವಕ್ಕೂ ದಕ್ಷಿಣಕ್ಕೂ ನಡುವೆ. “ಸರಿ. ಬೆಳಗಿನ ಬಿಸಿಲು ಒಲೆ ಮುಂದೆ ನಿಂತವಳ ಮುಖಕ್ಕೇ ಬೀಳಬೇಕು.” ಅಡುಗೆಯವಳನ್ನು ಕೇಳಿ ದೇವಸ್ಥಾನ ಕಟ್ಟುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಮ್ಮ ಮನೆಯಲ್ಲಿ ಬೆಳಕು ಚೆನ್ನಾಗಿದೆ ಅಂತ ನಮ್ಮ ಟೇಬಲ್ಲಿನ ಮೇಲೇ ಬರೆದಿರಿ. ಒಂದು ಮಧ್ಯಾಹ್ನ ನಾನು ನೋಡದೆ ಹುಳಿ ಪಾತ್ರೆಯನ್ನು ಹಾಳೆಯ ತುದಿಗೆ ಇಟ್ಟುಬಿಟ್ಟೆ. ಸರಿಯಾಗಿ ಸೂರ್ಯನ ಸುತ್ತ ಹಳದಿ ಉಂಗುರ ಬಿತ್ತು. ನಾನು ಸೆರಗಿನಿಂದ ಒರೆಸಲು ಹೋದೆ. ನೀವು ನಕ್ಕಿರಿ. “ಇಷ್ಟು ವರ್ಷ ನನ್ನ ಸೂರ್ಯ ಸಪ್ಪಗಿದ್ದ” ಅಂದಿರಿ.

ಆ ಕಲೆಯೇ ಎಲ್ಲಕ್ಕೂ ಮೂಲ ಅಜ್ಜ. ಕಮಿಟಿಯ ಅಧ್ಯಕ್ಷರು ಡಾಕ್ಟರ್ ಶ್ರೀನಾಥ್, ಒಳ್ಳೆಯ ಹುಡುಗನೇ, ನಕ್ಷೆಯನ್ನು ಬೆಂಗಳೂರಿನ ವಾಸ್ತು ಪಂಡಿತರಿಗೆ ಕಳಿಸಲು ಫೋನಿನಲ್ಲಿ ಫೋಟೋ ತೆಗೆದರು. “ಹುಳಿ ಕಲೆ ಕಾಣೋ ಹಾಗೆ ಕಳಿಸಿದ್ರೆ ಏನಂದ್ಕೊಳ್ತಾರೆ ಆಂಟಿ?” ಅಂತ ಆ ತುದಿಯನ್ನು ಫೋಟೋದಲ್ಲಿ ಕತ್ತರಿಸಿದರು. ಕಲೆಯ ಜೊತೆ ಸೂರ್ಯನೂ ಹೋದ. ಆಗ ನನಗದು ಹೊಳೆಯಲೇ ಇಲ್ಲ.

ಭಾನುವಾರದ ಮೀಟಿಂಗಿನಲ್ಲಿ ಪಂಡಿತರ ದನಿ ಫೋನಿನಿಂದ ಗುಡುಗಿತು. “ಯಾರ್ರೀ ಇದನ್ನ ಬರೆದೋರು? ಈಶಾನ್ಯದಲ್ಲಿ ಒಲೆ ಇಟ್ಟಿದಾರಲ್ರೀ! ನಕ್ಷೇಲಿ ಕೆಳಗಡೆ ಬಲ ಮೂಲೆಗೆ ಹಾಕಿ, ಅದು ಆಗ್ನೇಯ.”

“ಪಾಪ, ಇಸ್ರೇಲಿನವರು, ನಮ್ಮ ಶಾಸ್ತ್ರ ಅವರಿಗೆಲ್ಲಿ ಗೊತ್ತಿರತ್ತೆ? ವಯಸ್ಸು ಬೇರೆ ಆಗಿದೆ” ಎಂದರು ಶ್ರೀನಾಥ್. ಎಲ್ಲರೂ ನಕ್ಕರು. ನಾನು ಕಾಫಿ ಕೊಡುತ್ತಿದ್ದೆ. ಬಾಯಿ ಬಿಡಲಿಲ್ಲ. ಓದಿದವರು, ಲ್ಯಾಪ್‌ಟಾಪ್ ಇಟ್ಟುಕೊಂಡವರು, ಸರಿಯಾಗಿಯೇ ಹೇಳುತ್ತಾರೆ ಅಂದುಕೊಂಡೆ. ಆ ಹುಲ್ಲಿನ ಮೇಲೆ ಕೊಳಗ ಹೊತ್ತು ನಡೆದವಳು ನಾನಲ್ಲವೇ? ನನ್ನ ಕಾಲಿಗೆ ಗೊತ್ತಿದ್ದದ್ದು ಬಾಯಿಗೆ ಯಾಕೆ ಬರಲಿಲ್ಲ?

ಅದೂ ಸಾಲದು ಅಂತ ಮರುದಿನ, ನೀವು ಕಾಯಿಲೆಯಿಂದ ಮಲಗಿದ್ದ ಆಸ್ಪತ್ರೆಗೆ ಮೊಸರನ್ನ ತಂದವಳು ನಿಮಗದನ್ನು ಹೇಳಿದೆ. ಆ ಹೊತ್ತಿಗೆ ನಿಮಗೆ ಕಣ್ಣು ಮಂಜು, ನಕ್ಷೆ ತೋರಿಸಿದ್ದರೂ ಕಾಣುತ್ತಿರಲಿಲ್ಲ. “ಒಲೆ ಈಶಾನ್ಯದಲ್ಲಿದೆಯಂತೆ ಅಜ್ಜ.” ನೀವು ಗಾಳಿಯಲ್ಲಿ ಬೆರಳಿಂದ ಏನೋ ಬರೆದು ನೋಡಿಕೊಂಡಿರಿ, ಅಳಿಸಿದಿರಿ, ಮತ್ತೆ ಬರೆದಿರಿ.

“ನೀನು ಹೇಳಿದ ಮೂಲೆಗೇ ಇಟ್ಟಿದ್ದೆ ಅಂದುಕೊಂಡಿದ್ದೆ” ಅಂದಿರಿ. ಆಮೇಲೆ, “ಹಾಗಾದರೆ ನನ್ನ ತಲೆ ಹೋಗಿದೆ. ಬದಲಾಯಿಸಲಿ. ನಿನ್ನ ದೇವರಿಗೆ ತಪ್ಪಾಯಿತು ಅಂತ ಹೇಳು.”

ಬುಲ್‌ಡೋಜರ್ ಮುಂದೆ ಕೂತಿದ್ದ ಮನುಷ್ಯ ನನ್ನ ಜೊತೆ ಯಾಕೆ ಜಗಳ ಆಡಲಿಲ್ಲ? ಹಾಳೆ ತಾ, ಸೂರ್ಯ ಎಲ್ಲಿದ್ದಾನೆ ನೋಡು ಅಂತ ಒಂದು ಮಾತು ಗದರಿದ್ದರೆ... ನಾಲ್ಕನೆಯ ದಿನ ನೀವು ಹೋದಿರಿ. ತಪ್ಪು ಮಾಡಿದೆ ಎಂದುಕೊಂಡೇ ಹೋದಿರಿ.

ಅಡುಗೆಮನೆಯ ನೆಲಕ್ಕೆ ಕಾಂಕ್ರೀಟ್ ಬಿದ್ದ ಮೇಲೆ, ಒಂದು ಬೆಳಿಗ್ಗೆ ರಂಗೋಲಿ ಹಾಕಿ ಪೂಜೆ ಮಾಡಲು ನಮ್ಮನ್ನು ಕರೆದರು. ಒಲೆ ಬರುವ ಜಾಗದಲ್ಲಿ ಅರಿಸಿನ ಕುಂಕುಮ ಹಿಡಿದು ನಿಂತೆ. ಕಾದೆ. ಬಿಸಿಲು ನನ್ನ ಮುಖಕ್ಕೆ ಬರಲೇ ಇಲ್ಲ. ಸೂರ್ಯ ಹುಟ್ಟಿದ್ದು ಅತ್ತ ಕಡೆ, ಗರ್ಭಗುಡಿಗೆ ಕಂಬ ನೆಟ್ಟಿದ್ದರಲ್ಲ, ಅದರ ಆಚೆ. ನಾನು ನಿಂತಿದ್ದದ್ದು ಪಡುವಣ ತುದಿ. ಆಗ್ನೇಯವಲ್ಲ, ನೈಋತ್ಯ! ಮನೆಗೆ ಓಡಿಬಂದು ಕಪಾಟಿನಿಂದ ನಿಮ್ಮ ಹಾಳೆ ತೆಗೆದೆ. ಹಳದಿ ಉಂಗುರದ ಒಳಗೆ ಸೂರ್ಯ ಹಾಗೇ ಕೂತಿದ್ದ. ಪೂರ್ವ ಮೇಲಿದ್ದ ನಿಮ್ಮ ನಕ್ಷೆಯಲ್ಲಿ ಮೇಲಿನ ಬಲ ಮೂಲೆಯೇ ಆಗ್ನೇಯ, ಪಂಡಿತರು ಅದನ್ನು ಉತ್ತರ ಮೇಲೆ ಎಂದುಕೊಂಡು ಓದಿದ್ದರು. ನೀವು ಸರಿಯಾಗಿ ಇಟ್ಟಿದ್ದನ್ನು ಶಾಸ್ತ್ರದ ಹೆಸರಿನಲ್ಲಿ ಕಿತ್ತು ತಪ್ಪು ಮೂಲೆಗೆ ಹಾಕಿದ್ದರು.

ಫೋನ್ ಮಾಡಿದರೆ ಶ್ರೀನಾಥ್, “ಆಂಟಿ, ಬೇಜಾರ್ ಮಾಡ್ಕೋಬೇಡಿ, ನಿಮಗೆ ಪ್ಲಾನ್ ಓದೋಕೆ ಬರುತ್ತಾ?” ಎಂದರು.

“ಬರೋಲ್ಲಪ್ಪ. ಸೂರ್ಯ ಎಲ್ಲಿ ಹುಟ್ತಾನೆ ಅಂತ ಗೊತ್ತು. ನಾಳೆ ಬೆಳಿಗ್ಗೆ ಬಾ.”

ಬಂದರು. ಹಾಳೆಯನ್ನು ನೆಲದ ಮೇಲೆ ಹಾಸಿ, ನಿಮ್ಮ ಸೂರ್ಯ ಆಕಾಶದ ಸೂರ್ಯನ ಕಡೆ ಬರುವ ಹಾಗೆ ತಿರುಗಿಸಿ, ಈಗ ಓದು ಎಂದೆ. ಅವರು ಫೋನಿನಲ್ಲಿ ದಿಕ್ಕು ತೋರಿಸುವ ಮುಳ್ಳು ತೆಗೆದು ನಿಂತಲ್ಲೇ ಮೂರು ಸುತ್ತು ತಿರುಗಿದರು. ಮುಖ ಸಣ್ಣದಾಯಿತು. “ಕಾಂಕ್ರೀಟ್ ಬೇರೆ ಹಾಕ್ಬಿಟ್ಟಿದೀವಲ್ಲ ಆಂಟಿ... ಒಂದು ಶಾಂತಿ ಹೋಮ ಮಾಡ್ಸಿದ್ರೆ ಆಗಲ್ವಾ?”

ಕಮಿಟಿಯ ಮುಂದೆ ಎಂದೂ ಗಟ್ಟಿಯಾಗಿ ಉಸಿರಾಡದ ನಮ್ಮನೆಯವರು ಬಾಯಿ ಬಿಟ್ಟರು. “ಆಗುತ್ತೆ. ಮಾಡೋಕೆ ಬೇರೆ ಅರ್ಚಕರನ್ನ ಹುಡುಕ್ಕೊಳ್ಳಿ.”

ಒಡೆದರು ಅಜ್ಜ. ಎರಡು ದಿನ ಒಡೆದರು. ಆದರೆ ಕಮಿಟಿಯ ಪುಸ್ತಕದಲ್ಲಿ ಏನು ಬರೆದಿದ್ದಾರೆ ಗೊತ್ತೇ? ‘ವಾಸ್ತು ಪಂಡಿತರ ಮರುಪರಿಶೀಲನೆಯಂತೆ ಪಾಕಶಾಲೆಯನ್ನು ಸ್ಥಳಾಂತರಿಸಲಾಯಿತು.’ ನಿಮ್ಮ ಹೆಸರೇ ಇಲ್ಲ. ಓದಿ ಮೈ ಉರಿದುಹೋಯಿತು. ಆ ಸಾಲು ತಿದ್ದಿ ನಿಮ್ಮ ಹೆಸರು ಬರೆಯುವವರೆಗೆ, ನಿಮ್ಮ ಹಾಳೆಗೆ ಕಲೆ ಸಮೇತ ಗಾಜು ಹಾಕಿಸಿ ಒಲೆಯ ಪಕ್ಕ ತೂಗುಹಾಕುವವರೆಗೆ, ಹೊಸ ಒಲೆಗೆ ನಾನು ಬೆಂಕಿ ಮುಟ್ಟಿಸುವುದಿಲ್ಲ ಎಂದು ಹೇಳಿ ಬಂದಿದ್ದೇನೆ. ನೋಡೋಣ ಅಂದಿದ್ದಾರೆ. ನೋಡಲಿ. ನೈವೇದ್ಯ ಮನೆಯಿಂದಲೇ ಹೋಗುತ್ತದೆ, ಮೆಣಸು ಐದಕ್ಕೇ ಕುಟ್ಟುತ್ತೇನೆ, ಕೆಳಗೆ ಈಗ ಬೈಯುವವರಿಲ್ಲ.

ನಿಮ್ಮ ಹೆಂಡತಿಯ ಸಮಾಧಿಗೆ ನಾನು ಸೇವಂತಿಗೆ ತಂದಾಗ, “ಹೂ ಬೇಡ, ನಮ್ಮ ಯಹೂದಿಗಳಲ್ಲಿ ಕಲ್ಲು ಇಡುತ್ತಾರೆ” ಅಂದಿದ್ದಿರಿ. ಈಗ ಅವರ ಪಕ್ಕದಲ್ಲೇ ನೀವಿದ್ದೀರಿ. ಇವತ್ತು ಹೂಸ್ಟನ್ನಿನ ಆ ಸಮಾಧಿಗಳ ಬಯಲಿಗೆ ಬಂದಿದ್ದೆ. ಕಲ್ಲು ತರಲಿಲ್ಲ, ಅಂಗೈಯಗಲದ ಕಾಂಕ್ರೀಟ್ ಚೂರು ತಂದು ಇಟ್ಟೆ. ಗಾರೆಯಿಲ್ಲ, ಬಣ್ಣವಿಲ್ಲ. ನೈಋತ್ಯದಿಂದ ಒಡೆದು ತೆಗೆದದ್ದು. ನಿಮ್ಮ ತಲೆ ಹೋಗಿರಲಿಲ್ಲ ಅಜ್ಜ. ಒಲೆ ನೀವು ಇಟ್ಟ ಮೂಲೆಗೇ ಬಂದಿದೆ, ದೇವರಿಗೆ ಇಪ್ಪತ್ತೇ ಹೆಜ್ಜೆ. ನಡೆದು ನೋಡಿದೆ.

ಗಿರಿಜಾ