ಅರಿಶಿನ ಹಚ್ಚಿದ ಗುಂಡು

ನನ್ನ ಅಜ್ಜ, ನನ್ನ ಮುತ್ಯಾ,

ಸಿಟ್ಟಾಗದೆ ಪೂರ್ತಿ ಓದು. ತಮ್ಮ ಶರಣ ಹೋಗುವ ನಿಜಾಮ ಸರಕಾರದ ಶಾಲೆಯಲ್ಲಿ ಎಲ್ಲವೂ ಉರ್ದು. ನನಗಂತೂ ಶಾಲೆಯೇ ಇಲ್ಲ. ಈ ಕನ್ನಡ ಅಕ್ಷರ ನೀನು ಅಂಗಳದ ಮರಳಲ್ಲಿ ತಿದ್ದಿಸಿದ್ದು. ಒತ್ತಕ್ಷರ ತಪ್ಪಿದರೆ ಹೊಣೆ ನಿನ್ನದೇ.

ನನಗೂ ಶರಣನಿಗೂ ಕವಣೆ ಹಿಡಿಯಲು ಕಲಿಸಿದ ದಿನ ನೆನಪಿದೆಯೇ? ಸಜ್ಜೆ ತೆನೆಗೆ ಮುತ್ತುವ ಗುಬ್ಬಿಗಳನ್ನು ಬೆದರಿಸಲು ಅಪ್ಪ ನಮ್ಮಿಬ್ಬರನ್ನೂ ಹೊಲಕ್ಕೆ ಕಳಿಸಿದ್ದ. ನೀನು ಬಂದು ಬದುವಿನ ಮೇಲೆ ಒಂದು ಸಗಣಿಯ ಕುಳ್ಳು ನಿಲ್ಲಿಸಿ, "ಹಕ್ಕಿ ಜೀವಕ್ಕ ಯಾಕ ಬೀಳ್ತೀರಿ? ಇದನ್ನ ಕೆಡವ್ರಿ ನೋಡೂಣು" ಅಂದೆ. ಮೂರೇ ದಿನಕ್ಕೆ ನಾವು ಗುಬ್ಬಿಗಳನ್ನು ಮರೆತೇಬಿಟ್ಟೆವು. ಅವು ಪಾಪ ನೆಮ್ಮದಿಯಾಗಿ ತಿಂದವು. ಅಪ್ಪ ಬೈದದ್ದು ನಮಗಲ್ಲ, ನಿನಗೆ. "ಹುಡುಗಿ ಕೈಯಾಗ ಇದೆಲ್ಲ ಯಾಕ?" ಎಂದು ಅವ್ವನೂ ಗೊಣಗಿದಳು. "ಬಂದೂಕಿಗೆ ಸರಕಾರದ ಪರವಾನಾ ಬೇಕವ್ವ, ಗುರಿಗೆ ಯಾರ ಪರವಾನಾ?" ಎಂದು ನೀನು ನಕ್ಕೆ.

ನಿನ್ನ ಕಣ್ಣಿಗೆ ಪೊರೆ ಬಂದದ್ದು ಮೊದಲು ಗೊತ್ತಾದದ್ದು ನನಗೆ. ಮಜ್ಜಿಗೆ ತಂದಿಟ್ಟರೆ ನಿನ್ನ ಕೈ ಚೊಂಬಿನ ಪಕ್ಕದಲ್ಲಿ ತಡಕಾಡುತ್ತಿತ್ತು. ಅಷ್ಟರಲ್ಲಿ ಹೋದ ವರ್ಷದ ಮಹಾನವಮಿ ಬಂತು. ನಮ್ಮೂರಲ್ಲಿ ವರ್ಷಕ್ಕೊಂದೇ ಗುಂಡು: ಸೀಸ ಕರಗಿಸಿ ಎರಕ ಹೊಯ್ದು, ಅರಿಶಿನ ಹಚ್ಚಿ, ಬಂದೂಕಿನ ಜೊತೆ ಪೂಜೆಗಿಟ್ಟು, ಎಂಬತ್ತು ಹೆಜ್ಜೆ ದೂರದ ಸುಣ್ಣ ಬಳಿದ ಮಡಕೆಗೆ ಹೊಡೆಯುವುದು. ಮೂವತ್ತು ವರ್ಷ ನೀನೇ ಹೊಡೆದಿದ್ದೆ. "ಈ ಸಲ ಮುದುಕಗ ಮಡಕಿ ಬಿಡು, ಗುಡ್ಡಾನೂ ಕಾಣಂಗಿಲ್ಲ" ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು.

ಅದಕ್ಕೇ ಮುತ್ಯಾ... ಹೇಳಿಯೇಬಿಡುತ್ತೇನೆ. ಆ ಮಡಕೆ ಒಡೆದದ್ದು ನಾನು. ಮಗ್ಗುಲಿನ ಸಜ್ಜೆಯಲ್ಲಿ ಅಡಗಿ ಕೂತಿದ್ದೆ. ಬಂದೂಕು ಢಂ ಎಂದ ಗಳಿಗೆಗೆ ಕವಣೆಯ ಕಲ್ಲು ಬಿಟ್ಟೆ. ಊರೆಲ್ಲ ಕೇಕೆ ಹಾಕಿತು. ನೀನು ಮಾತ್ರ ನಗಲಿಲ್ಲ. "ಸಾಕು, ಇನ್ನ ಹೊಡಿಯಂಗಿಲ್ಲ" ಎಂದು ಬಂದೂಕನ್ನು ಅಪ್ಪನ ಕೈಗಿತ್ತು ಮನೆಗೆ ನಡೆದೆ. ನಿನ್ನ ಮರ್ಯಾದೆ ಉಳಿಸಿದೆನೋ, ಕಳೆದೆನೋ? ಕೇಳಬೇಕೆಂದುಕೊಂಡೇ ದಿನ ದೂಡಿದೆ. ಸಂಕ್ರಾಂತಿಗೆ ಮೊದಲೇ ನೀನು...

ನೀನು ಹೋದ ಮೇಲೆ ಬಂದೂಕನ್ನು ಲಿಂಗಸುಗೂರಿನ ಕಚೇರಿಗೆ ಒಪ್ಪಿಸಬೇಕಾಯಿತು. ಪರವಾನಾ ನಿನ್ನ ಹೆಸರಲ್ಲಿತ್ತಲ್ಲ. ಆ ಕಾಗದ ಹುಡುಕುತ್ತ ಅಪ್ಪ ನಿನ್ನ ಎಲೆ-ಅಡಿಕೆ ಚೀಲ ಝಾಡಿಸಿದಾಗ ಗುಂಡು ಉರುಳಿತು. ಅದಕ್ಕೆ ಇನ್ನೂ ಅರಿಶಿನ ಅಂಟಿಕೊಂಡಿತ್ತು. ಅಂದರೆ ಅವತ್ತು ನೀನು ಬರೀ ಮದ್ದು ತುಂಬಿ ಹೊಡೆದಿದ್ದೆ. "ನಮ್ಮಪ್ಪ ಹಿಂಗ ಯಾಕ ಮಾಡ್ಯಾನ?" ಎಂದು ಅಪ್ಪ ತಲೆ ಕೆರೆದುಕೊಂಡ. ನಾನು ಒಳಗೆ ಹೋಗಿ ಅತ್ತೆ. ಮಬ್ಬುಗಣ್ಣಲ್ಲಿ ಯಾರಿಗಾದರೂ ತಗುಲೀತೆಂದು ಹೆದರಿದ್ದೆಯಾ? ನಾನು ಅಲ್ಲಿ ಕೂತದ್ದು ನಿನಗೆ ಗೊತ್ತಿತ್ತೇ? ಊರೆದುರು ಸೋಲಲು ತಯಾರಾಗಿ ನಿಂತವನನ್ನು ನಾನು ಗೆಲ್ಲಿಸಿಬಿಟ್ಟೆ. ತಪ್ಪಾಯಿತು ಮುತ್ಯಾ.

ಇವತ್ತು ಮತ್ತೆ ಮಹಾನವಮಿ. ಬಂದೂಕಿಲ್ಲದ್ದಕ್ಕೆ ಹಿರಿಯರು ಕವಣೆಗೆ ಒಪ್ಪಿದರು. ನಾನು ಹೊಡೆಯುತ್ತೇನೆ ಅಂದೆ. ಗುಸುಗುಸು ಶುರುವಾಯಿತು. ಅಪ್ಪನೇ, "ನಮ್ಮಪ್ಪ ಕಲಿಸ್ಯಾನ, ಹೊಡೀಲಿ ಬಿಡ್ರಿ" ಎಂದ. ನನ್ನ ಗುಟ್ಟು ಬಲ್ಲವನು ಶರಣ ಒಬ್ಬನೇ. ಕಿವಿಯ ಹತ್ತಿರ ಬಂದು, "ಅಕ್ಕಾ, ನಾ ಸಜ್ಜಿಯಾಗ ಕುಂದರ್ಲೇನು? ನೀ ತಪ್ಪಿದ್ರ ನಾ ಒಡೀತೀನಿ" ಎಂದ. ಅವನ ಕವಣೆ ಕಸಿದು ಅವ್ವನ ಕೈಗೆ ಕೊಟ್ಟೆ.

ಬೀಸಿದೆ. ಕಲ್ಲು ಮಡಕೆಯ ಮೇಲಿಂದ ಹಾರಿ ಹೋಯಿತು. ನಾನೇ ಗಟ್ಟಿಯಾಗಿ, ಕಟ್ಟೆಯ ಮೇಲಿದ್ದವರಿಗೂ ಕೇಳುವ ಹಾಗೆ ಕೂಗಿದೆ: "ನನ್ನ ಗುರಿ ತಪ್ಪೇತ್ರೀ!"

ನಿನ್ನ ಮೊಮ್ಮಗಳು,
ನೀಲವ್ವ